ಕಲ್ಲಿದ್ದಲಿನ ಸಾಗಾಟ ಮತ್ತು ನೆರೆಹೊರೆಯ ಆರೋಗ್ಯ

ನಾಸಿಕ ರೋಡಿನ ಸಮೀಪದ ಏಕಲಹರೆಯ ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಚಿಮಣಿಗಳನ್ನು ಕಾಣದ ನಾಸಿಕ ನಿವಾಸಿಗಳು ವಿರಳ. ಆದರೆ ಅಲ್ಲಿ ಉರಿಯುವ ಕಲ್ಲಿದ್ದಲು ಈ ನೆಲದ್ದಲ್ಲ. ನಾಸಿಕ ಹಾಗೂ ಛತ್ರಪತಿ ಸಂಭಾಜಿನಗರಗಳು ನಿಂತಿರುವುದು ದಖ್ಖನಿನ ಕರಿಗಲ್ಲಿನ ಪದರಗಳ ಮೇಲೆ. ಕಲ್ಲಿದ್ದಲು ದೊರೆಯುವುದು ನೂರಾರು ಕಿಲೋಮೀಟರ್ ದೂರದ ವರ್ಧಾ ಕಣಿವೆಯಲ್ಲಿ, ಚಂದ್ರಪುರ ಮತ್ತು ಯವತಮಾಳ ಜಿಲ್ಲೆಗಳ ಘುಗ್ಗುಸ್, ವಣಿ ಮೊದಲಾದ ಗಣಿ ಪ್ರದೇಶಗಳಲ್ಲಿ. ಸಾತಪುರ, ವಾಳೂಜ್, ಚಿಕಲಠಾಣಾ ಕಾರ್ಖಾನೆಗಳ ಯಂತ್ರಗಳು ತಿರುಗುವಾಗ ಆ ದೂರದ ಊರುಗಳ ಜನರು ಉಸಿರಾಡುವ ಗಾಳಿಯ ಪ್ರಶ್ನೆಯೂ ಅದರೊಡನೆ ಸೇರಿಕೊಂಡಿದೆ. ಕಲ್ಲಿದ್ದಲನ್ನು ಗಣಿಯಿಂದ ಹೇಗೆ ಸಾಗಿಸಬೇಕೆಂಬುದು ಕೇವಲ ಖರ್ಚಿನ ವಿಷಯವಲ್ಲ, ಆರೋಗ್ಯದ ವಿಷಯವೂ ಹೌದು.

ಧೂಳು ಮಾಡುವ ಹಾನಿ

ಧೂಳಿನ ಕಣ ಚಿಕ್ಕದಾದಷ್ಟೂ ಅಪಾಯ ಹೆಚ್ಚು. ದೊಡ್ಡ ಕಣಗಳು ಮೂಗು, ಗಂಟಲುಗಳಲ್ಲಿಯೇ ತಡೆಯಲ್ಪಡುತ್ತವೆ. 2.5 ಮೈಕ್ರಾನಿಗಿಂತ ಸಣ್ಣ ಕಣಗಳು ಶ್ವಾಸಕೋಶದ ಗಾಳಿಗೂಡುಗಳವರೆಗೂ ಇಳಿಯುತ್ತವೆ. 2009 ರ ರಾಷ್ಟ್ರೀಯ ಮಾನದಂಡದಂತೆ ಇಂಥ ಕಣಗಳ ವಾರ್ಷಿಕ ಸರಾಸರಿ ಘನಮೀಟರಿಗೆ 40 ಮೈಕ್ರೋಗ್ರಾಂ ಮೀರಬಾರದು. ವಿಶ್ವ ಆರೋಗ್ಯ ಸಂಸ್ಥೆ 2021 ರಲ್ಲಿ ಸೂಚಿಸಿದ ಮಿತಿ ಕೇವಲ 5.

ನ್ಯೂಮೋಕೋನಿಯೋಸಿಸ್ ಎಂಬ ಶ್ವಾಸಕೋಶದ ಕಾಯಿಲೆಯು ಮುಖ್ಯವಾಗಿ ಗಣಿಯೊಳಗೆ ಅನೇಕ ವರ್ಷ ದುಡಿದವರಿಗೆ ಬರುವಂಥದು. ರಸ್ತೆಯ ಬದಿಯ ನಿವಾಸಿಗಳ ಕಷ್ಟ ಬೇರೆ ಬಗೆಯದು. ಮಕ್ಕಳ ಉಬ್ಬಸ, ವೃದ್ಧರ ಶ್ವಾಸನಾಳದ ಉರಿಯೂತ ಮತ್ತು ಹೃದ್ರೋಗಗಳು ಧೂಳಿನಿಂದ ಉಲ್ಬಣಿಸುತ್ತವೆ. ಲಾರಿಗಳ ಡೀಸೆಲ್ ಹೊಗೆಯೂ ಇದಕ್ಕೆ ಕೂಡುತ್ತದೆ. ಈ ಹೊಗೆಯು ಕ್ಯಾನ್ಸರ್‌ಕಾರಕವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2012 ರಲ್ಲಿ ನಿರ್ಣಯಿಸಿತು.

ಲಾರಿ

ತಲಾ 210 ಮೆಗಾವ್ಯಾಟ್‌ನ ಮೂರು ಘಟಕಗಳು ಪೂರ್ಣ ಸಾಮರ್ಥ್ಯದಲ್ಲಿ ನಡೆದರೆ, ಯೂನಿಟ್ಟಿಗೆ ಸುಮಾರು 0.7 ಕಿಲೋಗ್ರಾಂನಂತೆ, ದಿನಕ್ಕೆ ಹತ್ತು ಸಾವಿರದ ಐನೂರು ಟನ್ ಕಲ್ಲಿದ್ದಲು ಬೇಕು. ಇದನ್ನು 25 ಟನ್ನಿನ ಲಾರಿಗಳಲ್ಲಿ ಸಾಗಿಸುವುದಾದರೆ ಸುಮಾರು 420 ಲಾರಿಗಳು ಅಗತ್ಯ. ಬರಿದಾಗಿ ಹಿಂದಿರುಗುವುದನ್ನೂ ಎಣಿಸಿದರೆ ಹಗಲಿರುಳೂ ಎರಡು ನಿಮಿಷ ಕಳೆಯುವುದರೊಳಗೆ ಒಂದು ಲಾರಿ ಮನೆಯ ಮುಂದೆ ಹಾಯುವುದು. ಚೆಲ್ಲಿದ ಕಲ್ಲಿದ್ದಲನ್ನು ಒಂದು ಗಾಲಿ ಪುಡಿಮಾಡಿದರೆ ಮುಂದಿನ ಗಾಲಿ ಅದನ್ನು ಗಾಳಿಗೆ ಎಬ್ಬಿಸುತ್ತದೆ. ವಸತಿ ಪ್ರದೇಶದಲ್ಲಿ ರಾತ್ರಿಯ ಶಬ್ದಮಿತಿ 45 ಡೆಸಿಬಲ್. ತುಂಬಿದ ಲಾರಿ ಅದನ್ನು ಪಾಲಿಸಲಾರದು. ಆದರೂ ಕಡಮೆ ಬಂಡವಾಳದಲ್ಲಿ ಯಾವ ಗಣಿಗಾದರೂ ತಲುಪಬಲ್ಲದೆಂಬುದು ಲಾರಿಯ ಅನುಕೂಲ.

ರೈಲು

ಒಂದು ಗೂಡ್ಸ್ ರೈಲು ಸುಮಾರು 3,800 ಟನ್ ಹೊರುತ್ತದೆ. ಅಂದರೆ ಮೇಲಿನ 420 ಲಾರಿಗಳ ಕೆಲಸವನ್ನು ದಿನಕ್ಕೆ ಮೂರು ರೈಲುಗಳು ಮುಗಿಸಬಲ್ಲವು. ದೂರದ ಪ್ರಯಾಣಕ್ಕೆ ಇದಕ್ಕಿಂತ ಮೇಲಾದ ಮಾರ್ಗವಿಲ್ಲ. ಆದರೆ ಗಣಿಯ ಬಾಯಿಯಿಂದ ರೈಲ್ವೆ ಸೈಡಿಂಗಿನವರೆಗಿನ ಮೊದಲ ಕೆಲವು ಕಿಲೋಮೀಟರುಗಳಲ್ಲಿ ಲಾರಿಯೇ ಓಡಿದರೆ ಗಣಿಯೂರಿನ ಜನರಿಗೆ ರೈಲಿನ ಲಾಭ ದೊರೆಯದು. ಸೈಡಿಂಗಿನಲ್ಲಿ ತೆರೆದ ರಾಶಿಯಿಂದ ತುಂಬುವಾಗಲೂ ಧೂಳು ಏಳುತ್ತದೆ.

ಕನ್ವೇಯರ್ ಮತ್ತು ಕೊಳವೆ

ಈ ಕೊರತೆಯನ್ನು ನೀಗುವುದು ಮುಚ್ಚಿದ ಕನ್ವೇಯರ್ ಪಟ್ಟಿ. ಬಳ್ಳಾರಿ, ಸಂಡೂರಿನ ಅದಿರಿನ ಲಾರಿಗಳು ಎಬ್ಬಿಸಿದ ಕೆಂಧೂಳು ಕನ್ನಡಿಗರಿಗೆ ಅಪರಿಚಿತವಲ್ಲ. 2011 ರಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿಯ ಗಣಿಗಾರಿಕೆಯನ್ನು ತಡೆಹಿಡಿದ ನಂತರದ ವರ್ಷಗಳಲ್ಲಿ ಸಂಡೂರಿನ ಕಡೆಯಿಂದ ತೋರಣಗಲ್ಲಿಗೆ ಸುಮಾರು 24 ಕಿಲೋಮೀಟರಿನ ಕೊಳವೆಯಾಕಾರದ ಕನ್ವೇಯರ್ ಬಂದಿತು. ಪಟ್ಟಿಯೇ ಸುತ್ತಿಕೊಂಡು ಅದಿರನ್ನು ಒಳಗಿಟ್ಟುಕೊಳ್ಳುವುದರಿಂದ ಧೂಳು ಹೊರಬೀಳುವುದು ಕಡಮೆ. ಆರಂಭದ ಬಂಡವಾಳ ಅಧಿಕ. ಗಣಿ ದೀರ್ಘಕಾಲ ಬಾಳುವಲ್ಲಿ ಮಾತ್ರ ಅದು ಮಿತವ್ಯಯಕರ.

ಕುದುರೆಮುಖದಿಂದ ಮಂಗಳೂರಿಗೆ ಅದಿರಿನ ಪುಡಿಯನ್ನು ನೀರಿನಲ್ಲಿ ಬೆರೆಸಿ 67 ಕಿಲೋಮೀಟರ್ ಕೊಳವೆಯಲ್ಲಿ ಹರಿಸಲಾಗುತ್ತಿತ್ತು. ಅಮೆರಿಕೆಯ ಅರಿಜೋನಾದ ಬ್ಲ್ಯಾಕ್ ಮೆಸಾದಲ್ಲಿ 2005 ರವರೆಗೆ ಕಲ್ಲಿದ್ದಲನ್ನೂ ಹೀಗೆಯೇ ಸಾಗಿಸಿದರು. ಅಲ್ಲಿನ ಮೂಲನಿವಾಸಿಗಳ ಅಂತರ್ಜಲ ಅದಕ್ಕೆ ವ್ಯಯವಾಯಿತು. 2016 ರಲ್ಲಿ ಮಿರಜದಿಂದ ರೈಲಿನಲ್ಲಿ ಕುಡಿಯುವ ನೀರು ತರಿಸಿಕೊಂಡ ಲಾತೂರು ಇರುವ ಮರಾಠವಾಡಾಕ್ಕೆ ಈ ವಿಧಾನ ಹೊಂದದು.

ನಾಗರಿಕರ ಕರ್ತವ್ಯ

ಆದುದರಿಂದ ಗಣಿಯಿಂದ ಸೈಡಿಂಗಿಗೆ ಮುಚ್ಚಿದ ಕನ್ವೇಯರ್, ಅಲ್ಲಿಂದ ಮುಂದೆ ರೈಲು ಎಂಬ ಜೋಡಣೆಯೇ ಶ್ರೇಷ್ಠ. ಲಾರಿ ಅನಿವಾರ್ಯವಾದಲ್ಲಿ ಊರ ಹೊರಗಿನ ಪ್ರತ್ಯೇಕ ರಸ್ತೆ, ತಾಡಪತ್ರಿಯ ಹೊದಿಕೆ, ಗಾಲಿ ತೊಳೆಯುವ ವ್ಯವಸ್ಥೆ, ರಾತ್ರಿಯ ನಿಯಂತ್ರಣ ಇರಬೇಕು. 2006 ರ ಪರಿಸರ ಅಧಿಸೂಚನೆಯಂತೆ ದೊಡ್ಡ ಗಣಿ ಯೋಜನೆಗಳಿಗೆ ಸಾಮಾನ್ಯವಾಗಿ ಸಾರ್ವಜನಿಕ ವಿಚಾರಣೆ ನಡೆಯುತ್ತದೆ. ದಿನಕ್ಕೆ ಎಷ್ಟು ಲಾರಿಗಳು, ಯಾವ ರಸ್ತೆಯಲ್ಲಿ, ಶಾಲೆಯಿಂದ ಎಷ್ಟು ದೂರದಲ್ಲಿ ಎಂದು ಅಲ್ಲಿಯೇ ಕೇಳಿ ಉತ್ತರವನ್ನು ದಾಖಲೆಗೆ ಸೇರಿಸುವುದು ಲೇಸು.

ಮನೆಯಲ್ಲಿ ಒಣ ಕಸಬರಿಗೆಗೆ ಬದಲು ಒದ್ದೆ ಬಟ್ಟೆಯಿಂದ ಒರೆಸಬೇಕು. ಬಾಯಿಗೆ ಕಟ್ಟಿದ ಕರವಸ್ತ್ರ ಅತಿಸೂಕ್ಷ್ಮ ಕಣಗಳನ್ನು ತಡೆಯಲಾರದು. ಉಬ್ಬಸವುಳ್ಳವರು ವೈದ್ಯರು ಹೇಳಿದ ಔಷಧವನ್ನು ತಾವಾಗಿ ನಿಲ್ಲಿಸಬಾರದು. ಎರಡು ವಾರ ಮೀರಿದ ಕೆಮ್ಮನ್ನು ಧೂಳಿನದೆಂದು ಅಲಕ್ಷಿಸದೆ ಕಫ ಪರೀಕ್ಷೆ ಮಾಡಿಸಬೇಕು. ಕ್ಷಯವೂ ಹಾಗೆಯೇ ಆರಂಭವಾಗುವುದುಂಟು. ದೀಪದ ಗುಂಡಿಯನ್ನು ಒತ್ತುವ ಕೈಗೆ ಧೂಳು ತಾಗದಿರಬಹುದು. ಆ ಧೂಳು ಯಾರದೋ ಮಗುವಿನ ಎದೆಯಲ್ಲಿ ಕೂರಬಾರದೆಂಬ ಎಚ್ಚರ ಎಲ್ಲರಲ್ಲಿಯೂ ಇರಲಿ.