ಪಿಎಚ್‌.ಡಿ. ನಂತರ ಕ್ಯಾನ್ಸರ್ ತಡೆಯ ಸಂಶೋಧನೆಗೆ ಎಲ್ಲಿಗೆ?

ಪ್ರಶ್ನೆ: ಮೈಸೂರಿನವಳು. ಜೀವರಸಾಯನಶಾಸ್ತ್ರದಲ್ಲಿ ಪಿಎಚ್‌.ಡಿ. ಆಗಿದೆ. ಕ್ಯಾನ್ಸರ್ ತಡೆಗಟ್ಟುವ ಸಂಶೋಧನೆಗೆ ಅಮೆರಿಕಕ್ಕೆ ಹೋಗುವಾಸೆ. ಸಾರ್ವಜನಿಕ ಆರೋಗ್ಯ ಓದಿಲ್ಲ. ದಾರಿ ತಿಳಿಸಿ.

ಉತ್ತರ: ಅಲ್ಲಿನ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ‘ಕ್ಯಾನ್ಸರ್ ಪ್ರಿವೆನ್ಷನ್ ಫೆಲೋಶಿಪ್’ನಲ್ಲಿ ಎಂಪಿಎಚ್ (ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ) ಓದಿಗೂ ಅವಕಾಶವಿತ್ತು, ಆದರೆ ಅದು ಅಮೆರಿಕದ ಪ್ರಜೆಗಳಿಗೆ, ಗ್ರೀನ್‌ಕಾರ್ಡ್ ಉಳ್ಳವರಿಗೆ ಮೀಸಲಾಗಿತ್ತು. ನೀವು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ (ಎನ್‌ಐಎಚ್) ವಿಸಿಟಿಂಗ್ ಫೆಲೋ ಹುದ್ದೆಗೆ ಪ್ರಯತ್ನಿಸಿ. ಅಲ್ಲಿರುವ ನಿಮ್ಮ ವಿಷಯದ ಸಂಶೋಧಕರಿಗೆ ಬಯೊಡೇಟಾ, ಒಂದು ಪುಟದ ಯೋಜನೆ ಕಳಿಸಿ. ಜೆ-1 ವೀಸಾವಾದರೆ, ಮುಗಿದ ಮೇಲೆ 2 ವರ್ಷ ಸ್ವದೇಶದಲ್ಲಿರಬೇಕೆಂಬ ಷರತ್ತು ಬರಬಹುದು. ಒಪ್ಪುವ ಮುನ್ನ ವಲಸೆ ವಕೀಲರನ್ನು ಕಾಣಿ.

ಇಲ್ಲೇ ಆದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಪೋಸ್ಟ್‌ ಡಾಕ್ಟರಲ್ ಫೆಲೋಶಿಪ್ ಇದೆ. ನೊಯಿಡಾದ ರಾಷ್ಟ್ರೀಯ ಕ್ಯಾನ್ಸರ್ ತಡೆ ಮತ್ತು ಸಂಶೋಧನಾ ಸಂಸ್ಥೆಯ (ಎನ್‌ಐಸಿಪಿಆರ್) ಕೆಲಸವೇ ಕ್ಯಾನ್ಸರ್ ತಡೆ. ಎಲ್ಲಿಗೇ ಹೋಗಿ, ಮೊದಲು ಸಾಂಕ್ರಾಮಿಕ ರೋಗಶಾಸ್ತ್ರ (ಎಪಿಡೆಮಿಯಾಲಜಿ), ಜೈವಿಕ ಸಂಖ್ಯಾಶಾಸ್ತ್ರದ ಒಂದೊಂದು ಕೋರ್ಸ್ ಮುಗಿಸಿ. ನಿಮ್ಮ ಅರ್ಜಿಯ ಕೊರತೆ ಅದೊಂದೇ.