ಶಿಬಿರ ಮುಗಿದ ಮರುದಿನ: ಸೇವಾ ಕ್ಲಬ್‌ಗಳ ಕೆಲಸದಿಂದ ಕಲಿಯುವ ಪಾಠ



ಪೀಣ್ಯದಲ್ಲಿ ಓದುವ ನಮಗೆ ಸೇವಾ ಕ್ಲಬ್‌ಗಳ ಹೆಸರು ಹೊಸದಲ್ಲ. ರೋಟರಿಯ ಹಲ್ಲುಚಕ್ರ, ಲಯನ್ಸ್‌ನ ಸಿಂಹದ ಗುರುತುಗಳನ್ನು ಶಾಲೆಯ ಗೋಡೆಯ ಮೇಲೋ ಶಿಬಿರದ ಬ್ಯಾನರ್ ಮೇಲೋ ನೋಡಿರುತ್ತೇವೆ. ಕಣ್ಣಿನ ತಪಾಸಣೆ, ನೋಟ್‌ಬುಕ್ ವಿತರಣೆ, ರಕ್ತದಾನ, ಗಿಡ ನೆಡುವುದು – ಇವು ಅವರ ಸಾಮಾನ್ಯ ಕಾರ್ಯಕ್ರಮಗಳು. ಇಂಥ ಒಂದು ಕಾರ್ಯಕ್ರಮ ಒಳ್ಳೆಯದಾಯಿತೇ ಎಂದು ತಿಳಿಯುವುದು ಹೇಗೆ? ಎಷ್ಟು ಜನ ಬಂದರು ಎಂದು ಎಣಿಸುವುದು ಸುಲಭ. ಮರುದಿನ ಏನು ಉಳಿಯಿತು ಎಂದು ನೋಡುವುದು ಕಷ್ಟ. ಈ ಪಾಠದಲ್ಲಿ ರಕ್ತದಾನವನ್ನು ಮುಖ್ಯ ಉದಾಹರಣೆಯಾಗಿ ಇಟ್ಟುಕೊಂಡು ಆ ಎರಡನೆಯ ಪ್ರಶ್ನೆಯನ್ನು ನೋಡೋಣ.

ಸೇವಾ ಕ್ಲಬ್ ಎಂದರೇನು?

1905ರ ಫೆಬ್ರವರಿ 23ರಂದು ಅಮೆರಿಕದ ಷಿಕಾಗೊ ನಗರದಲ್ಲಿ ಪಾಲ್ ಹ್ಯಾರಿಸ್ ಎಂಬ ವಕೀಲರು ಮೂವರು ಪರಿಚಿತರೊಂದಿಗೆ ಸಭೆ ಸೇರಿದರು. ಸಭೆಗಳು ಒಬ್ಬೊಬ್ಬ ಸದಸ್ಯರ ಕಚೇರಿಯಲ್ಲಿ ಸರದಿಯಂತೆ ನಡೆಯುತ್ತಿದ್ದುದರಿಂದ ‘ರೋಟರಿ’ ಎಂಬ ಹೆಸರು ಬಂತು. ಭಾರತದಲ್ಲಿ ಮೊದಲು ಕಲ್ಕತ್ತದಲ್ಲಿ 1919ರಲ್ಲಿ, ಬೆಂಗಳೂರಿನಲ್ಲಿ 1934ರಲ್ಲಿ ರೋಟರಿ ಕ್ಲಬ್ ಆರಂಭವಾಯಿತು. ಲಯನ್ಸ್ ಹುಟ್ಟಿದ್ದು 1917ರಲ್ಲಿ, ಮೆಲ್ವಿನ್ ಜೋನ್ಸ್ ಎಂಬ ವಿಮಾ ವ್ಯವಹಾರಸ್ಥರಿಂದ. 1925ರಲ್ಲಿ ಹೆಲೆನ್ ಕೆಲ್ಲರ್ ಅವರು ಲಯನ್ಸ್ ಸಮಾವೇಶಕ್ಕೆ ಬಂದು ಅಂಧರ ಪರವಾಗಿ ನಿಲ್ಲುವಂತೆ ಕೇಳಿಕೊಂಡರು. ಅಂದಿನಿಂದ ಕಣ್ಣಿನ ಕೆಲಸ ಆ ಸಂಸ್ಥೆಯ ಗುರುತಾಯಿತು. ನಮ್ಮ ನಗರದ ಜೆ.ಸಿ. ರಸ್ತೆಯ ಬಳಿ ಇರುವ ಬೆಂಗಳೂರು ವೆಸ್ಟ್ ಲಯನ್ಸ್ ಕಣ್ಣಿನ ಆಸ್ಪತ್ರೆ ಅದೇ ಪರಂಪರೆಗೆ ಸೇರಿದ್ದು.

ಇಂಥ ಕ್ಲಬ್‌ಗಳ ಸದಸ್ಯರು ಹೆಚ್ಚಾಗಿ ವ್ಯಾಪಾರಿಗಳು, ಕಾರ್ಖಾನೆ ಮಾಲೀಕರು, ವೈದ್ಯರು, ಎಂಜಿನಿಯರುಗಳು. ಹಣ, ಪರಿಚಯ, ವೃತ್ತಿಯ ಅನುಭವ ಮೂರೂ ಅವರಲ್ಲಿ ಇರುತ್ತವೆ. ಅದು ಅವರ ಶಕ್ತಿ. ಒಂದು ದೌರ್ಬಲ್ಯವೂ ಇದೆ. ರೋಟರಿ ಮತ್ತು ಲಯನ್ಸ್ ಎರಡರಲ್ಲೂ ಜುಲೈ 1ಕ್ಕೆ ಹೊಸ ವರ್ಷ. ಅಧ್ಯಕ್ಷರು ಸಾಮಾನ್ಯವಾಗಿ ವರ್ಷಕ್ಕೊಮ್ಮೆ ಬದಲಾಗುತ್ತಾರೆ. ಹೊಸಬರಿಗೆ ತಮ್ಮ ಅವಧಿಯಲ್ಲಿ ಹೊಸದೇನಾದರೂ ಮಾಡಬೇಕೆಂಬ ಆಸೆ ಸಹಜ. ಆಗ ಹಳೆಯ ಕೆಲಸವನ್ನು ನೋಡಿಕೊಳ್ಳುವವರು ಯಾರು?

ರಕ್ತದ ಲೆಕ್ಕ

ಜೂನ್ 14 ವಿಶ್ವ ರಕ್ತದಾನಿಗಳ ದಿನ. ರಕ್ತದ ಗುಂಪುಗಳನ್ನು ಕಂಡುಹಿಡಿದ ಕಾರ್ಲ್ ಲ್ಯಾಂಡ್‌ಸ್ಟೈನರ್ ಹುಟ್ಟಿದ ದಿನ ಅದು. ಅಕ್ಟೋಬರ್ 1 ನಮ್ಮ ದೇಶದ ಸ್ವಯಂಪ್ರೇರಿತ ರಕ್ತದಾನ ದಿನ. ಈ ದಿನಗಳಲ್ಲಿ ಶಿಬಿರಗಳು ಹೆಚ್ಚು. ಆದರೆ ರಕ್ತವನ್ನು ಅಕ್ಕಿಯಂತೆ ಮೂಟೆ ಕಟ್ಟಿ ಇಡಲಾಗುವುದಿಲ್ಲ. ದಾನವಾಗಿ ಬಂದ ರಕ್ತವನ್ನು ಭಾಗಗಳಾಗಿ ಬೇರ್ಪಡಿಸುತ್ತಾರೆ. ಕೆಂಪು ರಕ್ತಕಣಗಳನ್ನು 2ರಿಂದ 6 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೆಚ್ಚೆಂದರೆ 42 ದಿನ ಇಡಬಹುದು. ಪ್ಲೇಟ್‌ಲೆಟ್‌ಗಳನ್ನು 5 ದಿನ ಮಾತ್ರ. ಪ್ಲಾಸ್ಮಾವನ್ನು ಹೆಪ್ಪುಗಟ್ಟಿಸಿದರೆ ಒಂದು ವರ್ಷ ಉಳಿಯುತ್ತದೆ.

ಈಗ ಇನ್ನೊಂದು ಕಡೆ ನೋಡಿ. ಥಲಸ್ಸೀಮಿಯಾ ಇರುವ ಮಗುವಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಬೇಕು. ದ್ವಿತೀಯ ಪಿಯು ಜೀವಶಾಸ್ತ್ರದಲ್ಲಿ ಈ ಕಾಯಿಲೆಯನ್ನು ಆನುವಂಶೀಯತೆಯ ಪಾಠದಲ್ಲಿ ಓದುತ್ತೇವೆ. ತಂದೆ ತಾಯಿ ಇಬ್ಬರೂ ವಾಹಕರಾಗಿದ್ದರೆ ಪ್ರತಿ ಮಗುವಿಗೂ ಕಾಯಿಲೆ ಬರುವ ಸಾಧ್ಯತೆ ಶೇ 25. ಪರೀಕ್ಷೆಯಲ್ಲಿ ಅದು ಎರಡು ಅಂಕದ ಪ್ರಶ್ನೆ. ಮನೆಯಲ್ಲಿ ಅದು ಪ್ರತಿ ತಿಂಗಳೂ ರಕ್ತಕ್ಕಾಗಿ ಅಲೆಯುವ ತಾಯಿಯ ಪಾಡು. ಅಕ್ಟೋಬರ್ 1ರಂದು ಕೊಟ್ಟ ರಕ್ತ ಆ ಮಗುವಿಗೆ ಡಿಸೆಂಬರ್‌ನಲ್ಲಿ ಸಿಗುವುದಿಲ್ಲ. ಮಳೆಗಾಲದ ನಂತರ ಡೆಂಗಿ ಹೆಚ್ಚಾದಾಗ ಪ್ಲೇಟ್‌ಲೆಟ್ ಬೇಕಾದವರಿಗೆ ಹಿಂದಿನ ತಿಂಗಳ ಶಿಬಿರದಿಂದ ಏನೂ ಪ್ರಯೋಜನವಿಲ್ಲ. ಕಾಲೇಜುಗಳಿಗೆ ರಜೆ ಇರುವ ಏಪ್ರಿಲ್, ಮೇ ತಿಂಗಳುಗಳಲ್ಲಿ ದಾನಿಗಳು ಕಡಿಮೆಯಾಗುತ್ತಾರೆ. ರೋಗಿಗಳಿಗೆ ಮಾತ್ರ ರಜೆ ಇರುವುದಿಲ್ಲ. ಒಂದೇ ದಿನ ಮುನ್ನೂರು ಮಂದಿ ಕೊಡುವುದಕ್ಕಿಂತ, ತಿಂಗಳಿಗೆ ಇಪ್ಪತ್ತೈದು ಮಂದಿಯಂತೆ ವರ್ಷವಿಡೀ ಕೊಡುವುದು ಹೆಚ್ಚು ಉಪಯುಕ್ತ.

ಬೆಂಗಳೂರಿನ ಒಂದು ಮಾದರಿ

ಒಂದು ಕಾಲದಲ್ಲಿ ಹಣಕ್ಕಾಗಿ ರಕ್ತ ಮಾರುವವರನ್ನೇ ಆಸ್ಪತ್ರೆಗಳು ಬಹಳವಾಗಿ ನೆಚ್ಚಿಕೊಂಡಿದ್ದವು. ಬಡತನದಿಂದ ಮತ್ತೆ ಮತ್ತೆ ರಕ್ತ ಮಾರುವವರ ಆರೋಗ್ಯವೂ ಹಾಳಾಗುತ್ತಿತ್ತು, ಪಡೆದ ರೋಗಿಗೂ ಅಪಾಯವಿತ್ತು. ಸುಪ್ರೀಂ ಕೋರ್ಟ್ 1996ರಲ್ಲಿ ನೀಡಿದ ತೀರ್ಪಿನ ಫಲವಾಗಿ 1998ರ ಜನವರಿ 1ರಿಂದ ದೇಶದಲ್ಲಿ ರಕ್ತ ಮಾರಾಟ ನಿಂತಿತು. ಅದಕ್ಕೂ ಬಹಳ ಮೊದಲೇ, 1984ರಲ್ಲಿ, ಬೆಂಗಳೂರು ಮೆಡಿಕಲ್ ಸರ್ವಿಸಸ್ ಟ್ರಸ್ಟ್ ಸ್ಥಾಪನೆಯಾಯಿತು. ರೋಟರಿ ಮತ್ತು ಟಿಟಿಕೆ ಸಮೂಹದ ನೆರವಿನಿಂದ ಬೆಳೆದ ಅದರ ರಕ್ತನಿಧಿ ಇಂದು ಹೊಸ ತಿಪ್ಪಸಂದ್ರದಲ್ಲಿದ್ದು, ರೋಟರಿ ಟಿಟಿಕೆ ರಕ್ತನಿಧಿ ಎಂದು ಹೆಸರಾಗಿದೆ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಇದು ಕ್ಲಬ್ಬಿನ ಒಂದು ವರ್ಷದ ಕಾರ್ಯಕ್ರಮವಾಗಿ ಉಳಿಯಲಿಲ್ಲ. ಪ್ರತ್ಯೇಕ ಟ್ರಸ್ಟ್ ಇದೆ. ರಕ್ತನಿಧಿ ನಡೆಸಲು ಸರ್ಕಾರದ ಪರವಾನಗಿ ಬೇಕು, ತರಬೇತಿ ಪಡೆದ ಸಂಬಳದ ಸಿಬ್ಬಂದಿ ಬೇಕು. ಪ್ರತಿ ಯೂನಿಟ್ ರಕ್ತವನ್ನೂ ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್, ಮಲೇರಿಯಾಗಳಿಗಾಗಿ ಪರೀಕ್ಷಿಸಲೇಬೇಕು. ರಕ್ತಕ್ಕೆ ಬೆಲೆ ಕಟ್ಟುವಂತಿಲ್ಲ. ರಕ್ತನಿಧಿಗಳು ಪಡೆಯುವುದು ಈ ಪರೀಕ್ಷೆ ಮತ್ತು ಸಂಸ್ಕರಣೆಯ ವೆಚ್ಚ. ಶಿಬಿರದಲ್ಲಿ ನಾವು ಕಾಣುವುದು ಮಂಚ, ಬಿಸ್ಕತ್ತು, ಹಣ್ಣಿನ ರಸ. ಅದರ ಹಿಂದೆ ರಾತ್ರಿ ಎರಡು ಗಂಟೆಗೂ ಫ್ರಿಜ್ಜಿನ ಉಷ್ಣತೆ ನೋಡುವ ಒಬ್ಬರು ಇರಬೇಕು. ಅಂಥವರ ಸಂಬಳಕ್ಕೆ ಹಣ ಕೂಡಿಸುವ ದಾನಿಗೆ ಯಾರೂ ಶಾಲು ಹೊದಿಸುವುದಿಲ್ಲ. ಆದರೆ ಅದೂ ದೊಡ್ಡ ದಾನವೇ. ಬಾವಿ ತೋಡಿಸುವುದನ್ನು ಸದಕಾ ಜಾರಿಯಾ ಎಂದು ನಮ್ಮ ಹಿರಿಯರು ಹೇಳುತ್ತಾರೆ: ಕೊಟ್ಟವರು ಹೋದ ಮೇಲೂ ಹರಿಯುತ್ತಲೇ ಇರುವ ದಾನ. ಬಾವಿ ಹಾಗೆ ಉಳಿಯಬೇಕಾದರೆ ಹೂಳು ತೆಗೆಯುವವರೂ ಬೇಕು.

ಪೋಲಿಯೊ ಕಲಿಸಿದ್ದು

ದೀರ್ಘ ಕೆಲಸಕ್ಕೆ ಇನ್ನೊಂದು ಉದಾಹರಣೆ ಪೋಲಿಯೊ. ರೋಟರಿ ಈ ಕೆಲಸವನ್ನು 1985ರಲ್ಲಿ ಕೈಗೆತ್ತಿಕೊಂಡಿತು. ಭಾರತದಲ್ಲಿ ಪಲ್ಸ್ ಪೋಲಿಯೊ 1995ರಲ್ಲಿ ಶುರುವಾಯಿತು. ಆದರೂ 2009ರಲ್ಲಿ ನಮ್ಮ ದೇಶದಲ್ಲಿ 741 ಪ್ರಕರಣಗಳಿದ್ದವು. ಉತ್ತರ ಪ್ರದೇಶದ ಕೆಲವು ಮುಸ್ಲಿಂ ಬಡಾವಣೆಗಳಲ್ಲಿ, ಹನಿ ಹಾಕಿಸಿದರೆ ಮುಂದೆ ಮಕ್ಕಳಾಗುವುದಿಲ್ಲ ಎಂಬ ವದಂತಿ ಹಬ್ಬಿತ್ತು. ಜನರನ್ನು ಗದರಿಸಿ ಪ್ರಯೋಜನವಿರಲಿಲ್ಲ. ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯ, ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾದಂಥ ಸಂಸ್ಥೆಗಳು ಕೈಜೋಡಿಸಿದವು. ರೋಟರಿ ಉಲೇಮಾಗಳ ಸಮಿತಿ ರಚಿಸಿತು. ಮಸೀದಿಗಳಿಂದ ಘೋಷಣೆಗಳಾದವು. ಜನರ ನಂಬಿಕೆಗೆ ಪಾತ್ರರಾದವರೇ ಮನೆಬಾಗಿಲಿಗೆ ಹೋಗಿ ಅನುಮಾನಗಳನ್ನು ಕೇಳಿ ಉತ್ತರಿಸಿದರು. ದೇಶದ ಕೊನೆಯ ಪ್ರಕರಣ 2011ರ ಜನವರಿ 13ರಂದು ಪಶ್ಚಿಮ ಬಂಗಾಳದ ಹೌರಾದಲ್ಲಿ ಕಂಡಿತು. 2014ರ ಮಾರ್ಚ್ 27ರಂದು ಭಾರತ ಪೋಲಿಯೊಮುಕ್ತವೆಂದು ಪ್ರಮಾಣಪತ್ರ ಪಡೆಯಿತು. ಅಲ್ಲಿಗೆ ಸುಮಾರು ಮೂರು ದಶಕ. ಅಷ್ಟರಲ್ಲಿ ಅಧ್ಯಕ್ಷರು ಎಷ್ಟೋ ಬಾರಿ ಬದಲಾದರು, ಗುರಿ ಬದಲಾಗಲಿಲ್ಲ.

ಪೀಣ್ಯದ ಶಿಬಿರ ಹೇಗಿರಬೇಕು?

ನಮ್ಮ ಸುತ್ತ ಲೇತ್, ಗ್ರೈಂಡಿಂಗ್, ಪೌಡರ್ ಕೋಟಿಂಗ್ ಮಾಡುವ ಸಣ್ಣ ಕಾರ್ಖಾನೆಗಳಿವೆ. ಸಾವಿರಾರು ಮಹಿಳೆಯರು ದುಡಿಯುವ ಗಾರ್ಮೆಂಟ್ಸ್‌ಗಳಿವೆ. ಇಂಥ ಕಡೆ ಶಿಬಿರ ನಡೆಸುವವರು ಮೊದಲು ಕೆಲಸದ ಸಮಯ ತಿಳಿದುಕೊಳ್ಳಬೇಕು. ರಾತ್ರಿ ಪಾಳಿ ಮುಗಿಸಿ ನಿದ್ದೆಗೆಟ್ಟು ಬಂದವರಿಂದ ರಕ್ತ ತೆಗೆಯಬಾರದು. ರಂಜಾನ್ ತಿಂಗಳಲ್ಲಿ ಉಪವಾಸ ಇರುವವರಿಗೆ ಹಗಲಿನ ಶಿಬಿರ ಹೊಂದುವುದಿಲ್ಲ. ಇಫ್ತಾರ್ ನಂತರ ಇಟ್ಟರೆ ಅವರೂ ಬರಬಹುದು.

ಅದಕ್ಕಿಂತ ಮುಖ್ಯವಾದ ವಿಷಯವೊಂದಿದೆ. ರಕ್ತ ಕೊಡಲು 18 ವರ್ಷ ತುಂಬಿರಬೇಕು, ತೂಕ ಕನಿಷ್ಠ 45 ಕಿಲೊ ಇರಬೇಕು, ಹಿಮೋಗ್ಲೋಬಿನ್ 12.5 ಗ್ರಾಂ ಇರಬೇಕು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019–21) ಪ್ರಕಾರ ದೇಶದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 57 ಮಂದಿಗೆ ರಕ್ತಹೀನತೆ ಇದೆ. ಹಾಗಾಗಿ ಗಾರ್ಮೆಂಟ್ಸ್‌ನಲ್ಲಿ ಶಿಬಿರ ಮಾಡಿದರೆ, ಉತ್ಸಾಹದಿಂದ ಸಾಲಿನಲ್ಲಿ ನಿಂತ ಎಷ್ಟೋ ಹೆಣ್ಣುಮಕ್ಕಳು ‘ನಿಮಗೇ ರಕ್ತ ಕಡಿಮೆ’ ಎಂಬ ಮಾತು ಕೇಳಿ ಹಿಂದಿರುಗುತ್ತಾರೆ. ಶಿಬಿರದ ವರದಿಯಲ್ಲಿ ಅವರು ಲೆಕ್ಕಕ್ಕೇ ಬರುವುದಿಲ್ಲ. ಆದರೆ ಅಂದು ಆಸರೆ ಹೆಚ್ಚು ಬೇಕಾಗಿದ್ದವರು ಅವರೇ. ಹಿಮೋಗ್ಲೋಬಿನ್ ಎಷ್ಟಿದೆ ಎಂದು ಒಂದು ಚೀಟಿಯಲ್ಲಿ ಬರೆದುಕೊಟ್ಟು, ಇಎಸ್‌ಐ ಡಿಸ್ಪೆನ್ಸರಿಗೋ ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರಕ್ಕೋ ಕಳಿಸಿ, ಮೂರು ತಿಂಗಳ ನಂತರ ಮತ್ತೆ ಪರೀಕ್ಷಿಸಿದರೆ ಅದೇ ಶಿಬಿರ ಎರಡು ಕೆಲಸ ಮಾಡುತ್ತದೆ. ಇದಕ್ಕೆ ಹೆಚ್ಚು ಹಣ ಬೇಡ. ಹೆಸರುಗಳನ್ನು ಗೋಪ್ಯವಾಗಿ ಕಾಪಾಡುವ ಒಂದು ಪುಸ್ತಕ ಮತ್ತು ಮೂರು ತಿಂಗಳ ನಂತರ ನೆನಪಿಡುವ ಒಬ್ಬ ವ್ಯಕ್ತಿ ಸಾಕು.

ನಮ್ಮ ಪಾಲು

ಪಿಯು ವಿದ್ಯಾರ್ಥಿಗಳಲ್ಲಿ ಬಹುಪಾಲು ಜನರಿಗೆ ಇನ್ನೂ 18 ತುಂಬಿಲ್ಲ. ವಯಸ್ಸು ಮರೆಮಾಚಿ ಸಾಲಿನಲ್ಲಿ ನಿಲ್ಲುವುದು ಸೇವೆಯಲ್ಲ. ಹಾಗೆಂದು ನಮಗೆ ಕೆಲಸವಿಲ್ಲವೆಂದಲ್ಲ. 12ರಿಂದ 18 ವರ್ಷದವರಿಗಾಗಿ ರೋಟರಿಯಲ್ಲಿ ಇಂಟರ‍್ಯಾಕ್ಟ್, ಹದಿಹರೆಯದವರಿಗಾಗಿ ಲಯನ್ಸ್‌ನಲ್ಲಿ ಲಿಯೊ ಕ್ಲಬ್‌ಗಳಿವೆ. ಕ್ಲಬ್ ಇಲ್ಲದೆಯೂ ಮನೆಯ ಹಿರಿಯರ, ಪೂರ್ವ ವಿದ್ಯಾರ್ಥಿಗಳ ರಕ್ತದ ಗುಂಪನ್ನು ಅವರ ಒಪ್ಪಿಗೆ ಪಡೆದು ಪಟ್ಟಿ ಮಾಡಬಹುದು. ಪುರುಷರು 90 ದಿನಕ್ಕೊಮ್ಮೆ, ಮಹಿಳೆಯರು 120 ದಿನಕ್ಕೊಮ್ಮೆ ಕೊಡಬಹುದು. ಸರದಿ ಬಂದಾಗ ನೆನಪಿಸುವ ಕೆಲಸ ನಮ್ಮದಾಗಲಿ. ದ್ವಿತೀಯ ವರ್ಷದವರು ಕಾಲೇಜು ಬಿಡುವಾಗ ಪಟ್ಟಿಯನ್ನು ಪ್ರಥಮ ವರ್ಷದವರ ಕೈಗೆ ಒಪ್ಪಿಸಬೇಕು.

ತರಗತಿಯಲ್ಲಿ ಚರ್ಚೆಗೆ

ನಿಮ್ಮ ಬಡಾವಣೆಯಲ್ಲಿ ಯಾವುದಾದರೂ ಸಂಸ್ಥೆ ಮಾಡಿದ ಒಂದು ಸೇವಾ ಕೆಲಸವನ್ನು ಆರಿಸಿಕೊಂಡು ಈ ಪ್ರಶ್ನೆಗಳಿಗೆ ಉತ್ತರ ಬರೆಯಿರಿ.

1. ಕೆಲಸ ಶುರು ಮಾಡುವ ಮೊದಲು ಅಲ್ಲಿನ ಜನರನ್ನು ಕೇಳಿದ್ದರೇ?
2. ನೆರವು ಸಿಗದೆ ಹಿಂದಿರುಗಿದವರು ಯಾರು? ಅವರಿಗೆ ಮುಂದಿನ ದಾರಿ ತೋರಿಸಲಾಯಿತೇ?
3. ಒಂದು ವರ್ಷದ ನಂತರ ಅದನ್ನು ನೋಡಿಕೊಳ್ಳುವವರು ಯಾರು, ಖರ್ಚು ಯಾರದು?
4. ಲೆಕ್ಕಪತ್ರವನ್ನು ದಾನಿಗಳಿಗೂ ಜನರಿಗೂ ತೋರಿಸುತ್ತಾರೆಯೇ?
5. ಆ ಕೆಲಸದಲ್ಲಿ ನಿಮ್ಮ ತರಗತಿ ಪ್ರತಿ ತಿಂಗಳೂ ತಪ್ಪದೆ ಮಾಡಬಹುದಾದ ಒಂದು ಸಣ್ಣ ಹೊಣೆ ಯಾವುದು?

ಐದನೆಯ ಪ್ರಶ್ನೆಯ ಉತ್ತರವನ್ನು ತರಗತಿಯ ಫಲಕದ ಮೇಲೆ ಬರೆದು, ಈ ತಿಂಗಳ ಹೊಣೆ ಯಾರದೆಂದು ಹೆಸರನ್ನೂ ಪಕ್ಕದಲ್ಲಿ ಬರೆಯಿರಿ.