ನಮ್ಮ ಸೀಮೆಯ ಮೂರು ಅಗಲದ ಹಳಿಗಳು

ಮಕ್ಕಳಿಗೆ ಆಟದ ರೈಲನ್ನು ಕೊಂಡು ತರುವ ತಂದೆತಾಯಿಗಳು ಇಂಜಿನಿನ ಬಣ್ಣವನ್ನು ನೋಡುವರು, ಡಬ್ಬಿಗಳನ್ನು ಎಣಿಸುವರು. ಎರಡು ಹಳಿಗಳ ನಡುವಣ ಅಗಲವನ್ನು ಅಳೆಯುವವರು ವಿರಳ. ಗೇಜ್ ಎಂದು ಕರೆಯಲ್ಪಡುವ ಈ ಅಗಲವೇ ರೈಲ್ವೆಯ ಚರಿತ್ರೆಯಲ್ಲಿ ಮೊದಲನೆಯ ಪಾಠ. ಇದನ್ನು ಕಲಿಯಲು ನಾವು ದೂರ ಹೋಗಬೇಕಾದುದಿಲ್ಲ. ಈಗಿನ ಬೆಂಗಳೂರು ಗ್ರಾಮಾಂತರ ಜಿಲ್ಲೆಯ ನಾಲ್ಕು ತಾಲ್ಲೂಕುಗಳ ಎಲ್ಲೆಯೊಳಗೇ ಒಂದು ಕಾಲದಲ್ಲಿ ಮೂರು ಬಗೆಯ ಹಳಿಗಳೂ ಇದ್ದುವು.

ಎಲ್ಲಕ್ಕೂ ಹಿರಿಯದು 1864ರಲ್ಲಿ ಜೋಲಾರಪೇಟೆಯಿಂದ ಬೆಂಗಳೂರು ದಂಡಿಗೆ ಬಂದ ಬ್ರಾಡ್ ಗೇಜ್ ಹಾದಿ. ಹೊಸಕೋಟೆ ತಾಲ್ಲೂಕಿನ ದೇವನಗೊಂದಿಯ ಮೇಲೆ ಇದು ಹಾಯುವುದು. ಇದರ ಅಗಲ ಐದೂವರೆ ಅಡಿ, ಅಂದರೆ 1676 ಮಿಲಿಮೀಟರು. 1884ರಲ್ಲಿ ತುಮಕೂರಿಗೆ ಹೋದ ಮೀಟರ್ ಗೇಜ್ ಹಾದಿಯು ದೊಡ್ಡಬೆಲೆ, ನಿಡವಂದಗಳನ್ನು ಮುಟ್ಟಿ, ನೆಲಮಂಗಲದ ಪೇಟೆಯನ್ನು ಪಕ್ಕಕ್ಕೆ ಬಿಟ್ಟಿತು. ಕುಣಿಗಲ್ ಮೂಲಕ ಹಾಸನಕ್ಕೆ ಹೋಗುವ ಹಾದಿಯು ಪೂರ್ಣವಾಗಿ ತೆರೆದುದು 2017ರಲ್ಲಿ. ಆ ಪೇಟೆಯವರ ತಾಳ್ಮೆ ದೊಡ್ಡದು. ದೊಡ್ಡಬಳ್ಳಾಪುರದಿಂದ ಮಾಕಳಿದುರ್ಗದ ಬೆಟ್ಟಗಳ ನಡುವೆ ಹಿಂದೂಪುರದತ್ತ ಸಾಗಿದ ಹಾದಿಯೂ ಮೊದಲು ಮೀಟರ್ ಗೇಜೇ.

ಮೂರನೆಯದು ದೇವನಹಳ್ಳಿಯ ಪುಟ್ಟ ರೈಲು. ಯಲಹಂಕದಿಂದ ದೇವನಹಳ್ಳಿ, ನಂದಿಗಳ ಮೇಲೆ ಚಿಕ್ಕಬಳ್ಳಾಪುರಕ್ಕೆ ಹೋಗುವ ಈ ಹಾದಿ 1915ರಲ್ಲಿ ತೆರೆಯಿತು. ಇದರ ಅಗಲ ಎರಡೂವರೆ ಅಡಿ ಮಾತ್ರ. ಇಷ್ಟು ಕಿರಿದಾಗಿ ಏತಕ್ಕೆ ಹಾಕಿದರು? ಅಗಲ ಕಡಮೆಯಾದರೆ ಹಾದಿಯನ್ನು ಹೆಚ್ಚು ಬಳುಕಿಸಬಹುದು. ದಿಣ್ಣೆ ಅಡ್ಡ ಬಂದರೆ ಅಗೆಯದೆ ಸುತ್ತಿಕೊಂಡು ಹೋಗಬಹುದು. ಗಾಡಿ ಹಗುರವಾದುದರಿಂದ ಹಳಿಯೂ ಹಗುರ, ಸೇತುವೆಯೂ ಚಿಕ್ಕದು, ಖರ್ಚೂ ಅಲ್ಪ. ದೊಡ್ಡ ರೈಲಿಗೆ ಹಣವೊದಗದ ಊರಿಗೆ ಇದರಿಂದ ರೈಲೇ ದೊರೆತಂತಾಯಿತು. ಆದರೆ ಕಿರಿದಾದ ಹಳಿಯ ಮೇಲೆ ಅಗಲವಾದ ಡಬ್ಬಿ ನಿಂತಾಗ ವೇಗವನ್ನು ಹೆಚ್ಚಿಸಿದರೆ ಉರುಳುವ ಭಯವುಂಟು. ಆದುದರಿಂದ ಅದು ಮೆಲ್ಲಗೆ ಹೋಗಲೇಬೇಕು.

ನಿಜವಾದ ನಷ್ಟವಿದ್ದುದು ಬೇರೆ ಕಡೆ. ದೇವನಹಳ್ಳಿಯಿಂದ ಯಲಹಂಕದ ಮೇಲೆ ಮದರಾಸಿಗೆ ಹೊರಟ ಒಂದು ಮೂಟೆಯನ್ನು ಭಾವಿಸಿರಿ. ಯಲಹಂಕದಲ್ಲಿ ಅದನ್ನು ಇಳಿಸಿ ಮೀಟರ್ ಗೇಜಿಗೆ ಏರಿಸಬೇಕು. ಬೆಂಗಳೂರಿನಲ್ಲಿ ಮತ್ತೆ ಇಳಿಸಿ ಬ್ರಾಡ್ ಗೇಜಿಗೆ ಏರಿಸಬೇಕು. ಹಾದಿ ಹಾಕುವಾಗ ಒಮ್ಮೆ ಉಳಿಸಿದ ಹಣಕ್ಕೆ ಪ್ರತಿದಿನವೂ ಕೂಲಿ ತೆತ್ತಂತಾಯಿತು. ದೇಶದ ಹಳಿಗಳನ್ನು ಒಂದೇ ಅಗಲಕ್ಕೆ ತರುವ ಕಾರ್ಯವು 1992ರಿಂದ ಭರದಿಂದ ನಡೆಯಿತು. ಆ ಶತಮಾನ ಮುಗಿಯುವ ಹೊತ್ತಿಗೆ ದೇವನಹಳ್ಳಿಯ ಪುಟ್ಟ ರೈಲು ಇಲ್ಲವಾಯಿತು. ಚಿಕ್ಕಬಳ್ಳಾಪುರ ಕೋಲಾರಗಳ ನಡುವಣ ಭಾಗವು ಬ್ರಾಡ್ ಗೇಜಾಗಿ ತೆರೆಯಲು 2013 ಬರಬೇಕಾಯಿತು. 2021ರ ಜನವರಿಯಿಂದ ಇದೇ ಹಾದಿಯಲ್ಲಿ, ವಿಮಾನ ನಿಲ್ದಾಣದ ಸಮೀಪದಲ್ಲಿಯೂ ಗಾಡಿ ನಿಲ್ಲತೊಡಗಿತು.

ಜನ ಕಡಮೆಯಿರುವ ಕಡೆಗೆ ಪ್ರತ್ಯೇಕ ಇಂಜಿನು ದುಬಾರಿ. ಅಂತಹ ಕಡೆ ತನ್ನೊಳಗೇ ಯಂತ್ರವಿರುವ ಒಂಟಿ ಗಾಡಿಯನ್ನು ಓಡಿಸುವುದುಂಟು. ಬಂಗಾರಪೇಟೆ ಕೋಲಾರಗಳ ನಡುವೆ ಹಳಿ ಬದಲಾದ ಮೇಲೆ ಕೆಲವು ವರ್ಷ ಓಡಿದ ರೈಲು ಬಸ್ಸು ಈ ಜಾತಿಯದು. 1979ರಲ್ಲಿ ತೆರೆದ ಮೈಸೂರಿನ ರೈಲ್ವೆ ವಸ್ತುಸಂಗ್ರಹಾಲಯದಲ್ಲಿ ಹಳಿಯ ಮೇಲೆ ಓಡುವಂತೆ ಮಾಡಿದ ಆಸ್ಟಿನ್ ಮೋಟಾರು ಕಾರೊಂದಿದೆ. ಮಕ್ಕಳಿಗೆ ಅದನ್ನು ತೋರಿಸಿರಿ, ಇಂಜಿನುಗಳಿಗಿಂತ ಅದನ್ನೇ ಮೆಚ್ಚುವರು.

ಇನ್ನು ಆಟದ ರೈಲಿನ ಮಾತು. ಪ್ರಸಿದ್ಧವಾದ ಒಂದು ಅಳತೆಯಲ್ಲಿ ನಮೂನೆಯು ನಿಜವಾದ ಗಾಡಿಯ 87ರಲ್ಲಿ ಒಂದು ಪಾಲು. ಅದರ ಹಳಿ 16.5 ಮಿಲಿಮೀಟರು. ಇದು 1435 ಮಿಲಿಮೀಟರಿನ ಪರದೇಶದ ಹಳಿಗೆ ಸರಿಹೊಂದುವುದು. ನಮ್ಮ ಬ್ರಾಡ್ ಗೇಜನ್ನು 87ರಿಂದ ಭಾಗಿಸಿದರೆ 19 ಮಿಲಿಮೀಟರಿಗೂ ಮೇಲಾಗುವುದು. ಆದುದರಿಂದ ನಮ್ಮ ದೊಡ್ಡ ರೈಲಿನ ನಮೂನೆಯನ್ನು ಅಂಗಡಿಯ ಆ ಹಳಿಯ ಮೇಲೆ ನಿಲ್ಲಿಸಿದರೆ ಚಕ್ರಗಳು ಸುಳ್ಳು ಹೇಳುವುವು. ದೇವನಹಳ್ಳಿಯ ಹಳಿಯಾದರೋ 762 ಮಿಲಿಮೀಟರು. 87ರಿಂದ ಭಾಗಿಸಿದರೆ ಎಂಟೂಮುಕ್ಕಾಲು. ಇನ್ನೂ ಚಿಕ್ಕ ಅಳತೆಯ ಆಟದ ರೈಲುಗಳಿಗಾಗಿ 9 ಮಿಲಿಮೀಟರಿನ ಹಳಿ ಅಂಗಡಿಗಳಲ್ಲಿ ಸಿದ್ಧವಾಗಿ ದೊರೆಯುತ್ತದೆ. ಕಾಲು ಮಿಲಿಮೀಟರಿನ ವ್ಯತ್ಯಾಸವನ್ನು ಕ್ಷಮಿಸುವ ಹುಡುಗಿಯು ಇಲ್ಲವಾದ ಆ ರೈಲನ್ನು ತನ್ನ ಮನೆಯ ಮೇಜಿನ ಮೇಲೆ ಓಡಿಸಬಹುದು. ಅದರ ಕಾಲದ ನಿಲ್ದಾಣದ ಕಟ್ಟಡಗಳು ದೇವನಹಳ್ಳಿಯಲ್ಲಿಯೂ ನಂದಿಯಲ್ಲಿಯೂ ಇನ್ನೂ ನಿಂತಿವೆ. ಅಳತೆ ಪಟ್ಟಿಯೊಂದನ್ನು ಹಿಡಿದು ಹೊರಟರೆ ಸಾಕು.